ಚಳಿ ತಗ್ಗಿದ ದಿನ

ರೇಡಿಯೊದವನು ವಾರ್ತೆಯ ಬಾಲದಲ್ಲಿ, ಹೇಳಿದರೂ ಸರಿ ಬಿಟ್ಟರೂ ಸರಿ ಎನ್ನುವ ದನಿಯಲ್ಲಿ, ಉತ್ತರದ ಬೆಟ್ಟಗಳಲ್ಲಿ ಚಳಿ ತಗ್ಗಿದೆ, ಪಡುವಣದಿಂದ ಮೋಡ ಬರುತ್ತಿದೆ ಎಂದು ಹೇಳಿ ಮುಗಿಸಿದಾಗ ಗುಬ್ಬಿಯ ಆ ನಡುಮನೆಯಲ್ಲಿದ್ದವರಿಗೆಲ್ಲ ಸಮಾಧಾನವಾಯಿತು, ಚನ್ನವೀರಯ್ಯನೊಬ್ಬನನ್ನು ಬಿಟ್ಟು. ಅವನ ಹೆಂಡತಿ ಬಸವಲಿಂಗಮ್ಮ ಪಾಪ ಅಲ್ಲಿಯ ಜನ ಬದುಕಿಕೊಂಡರು ಎಂದು ಹೇಳಿ ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ಮಾವ ಮಹಾಲಿಂಗಯ್ಯನವರು ಕನ್ನಡಿಯ ಮುಂದೆ ವಿಭೂತಿ ಸರಿಮಾಡಿಕೊಳ್ಳುತ್ತ, ಶಿವ ದೊಡ್ಡವನು, ಅಳಿಯಂದಿರು ರಜೆಯ ಮೇಲೆ ಬಂದಿರುವಾಗಲೇ ಅಲ್ಲಿ ಚಳಿ ಬಿಡಿಸಿದ ಎಂದರು. ಈ ಮನೆಯ ಲೆಕ್ಕದಲ್ಲಿ ಚಳಿ ಎಂದರೆ ಕೆಡುಕು, ಚಳಿ ತಗ್ಗಿದರೆ ಒಳಿತು. ಕುಣಿಗಲ್ ಕೆರೆ ಏರಿಯ ಕೆಳಗೆ ಹುಟ್ಟಿ, ಜನವರಿಯ ಇಬ್ಬನಿಗೇ ಮೂರು ಕಂಬಳಿ ಹೊದ್ದು ಬೆಳೆದ ಚನ್ನವೀರಯ್ಯನ ಚರ್ಮದ ಲೆಕ್ಕವೂ ಅದೇ. ಅವನ ತಲೆ ಕಲಿತ ಲೆಕ್ಕ ಮಾತ್ರ ಬೇರೆ. ಆ ಎರಡು ಲೆಕ್ಕಗಳು ಈಗ ಅವನೊಳಗೆ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಹೋರಿಗಳ ಹಾಗೆ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದವು.

ಅವನ ಕೆಲಸ ಏನೆಂದು ಗುಬ್ಬಿಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಇಲ್ಲಿಯ ವಿದ್ಯುತ್ ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಹಿಮಾಚಲದ ಒಂದು ಕಣಿವೆಗೆ ಹೋದ ಇಂಜಿನಿಯರು ಅವನು. ಅಲ್ಲಿ ಬೆಟ್ಟದ ನೆತ್ತಿ ದಾಟಿ ಹೋಗುವ ದೊಡ್ಡ ಕರೆಂಟು ತಂತಿಗಳಿಗೆ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬೆರಳು ಗಾತ್ರದ ತಂತಿ ತೋಳು ಗಾತ್ರವಾಗುತ್ತದೆ. ಭಾರ ತಡೆಯದೆ ತಂತಿ ಹರಿಯುತ್ತದೆ, ಕೆಲವು ಸಲ ಕಬ್ಬಿಣದ ಟವರೇ ಮಂಡಿಯೂರಿ ಮಲಗುತ್ತದೆ. ಯಾವಾಗ ಕಟ್ಟುತ್ತದೆ, ಎಷ್ಟು ಕಟ್ಟುತ್ತದೆ ಎಂದು ಮೊದಲೇ ಹೇಳುವುದು ಅವನ ಕೆಲಸ. ಇದನ್ನು ಹೆಂಡತಿಯ ಅಜ್ಜಿ ಕಲ್ಲಮ್ಮನಿಗೆ ಅವನು ಬಿಡಿಸಿ ಹೇಳಿದ್ದ. ಅಜ್ಜಿ ಅದನ್ನು ಬೀದಿಗೆಲ್ಲ ತನ್ನದೇ ರೀತಿಯಲ್ಲಿ ಹಂಚಿದ್ದಳು. ಅವಳ ಪ್ರಕಾರ ಮೊಮ್ಮಗಳ ಗಂಡ ಲೋಕದ ಮಾಳಿಗೆ ಮೇಲೆ ಕುಳಿತು ಕುಡುಗೋಲಿನಿಂದ ತಂತಿ ಕೆರೆಯುತ್ತಾನೆ, ಅವನು ಸೀನಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಸೀನು ಕಲ್ಲಾಗಿರುತ್ತದೆ, ಅಲ್ಲಿಯ ಹಸು ಹಾಲಿನ ಬದಲು ಐಸ್ ಕ್ಯಾಂಡಿ ಕೊಡುತ್ತದೆ.

ಈಗ ಅಜ್ಜಿ ಕಂಬಕ್ಕೆ ಒರಗಿ ನೆನೆಸಿದ ಅವರೆಕಾಳನ್ನು ಹಿತಕುತ್ತಿದ್ದಳು. ಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಪಾತ್ರೆಗೆ. ಚನ್ನವೀರಯ್ಯ ಅದನ್ನೇ ನೋಡುತ್ತಿದ್ದ. ಒದ್ದೆಯಾದ, ಒಳಗಿನದಕ್ಕೆ ಅಂಟಿಕೊಂಡ, ಬೆಳಕು ಹಾಯುವ ಸಿಪ್ಪೆ. ಮಂಜು ಕಟ್ಟಿದ ತಂತಿಯೂ ಹೀಗೆಯೇ. ಆದರೆ ಅಲ್ಲಿ ಸಿಪ್ಪೆಯ ಮೇಲೆ ಸಿಪ್ಪೆ, ಅದರ ಮೇಲೆ ಇನ್ನೊಂದು, ಹಿತಕುವ ಬೆರಳಿಲ್ಲ.

"ಏನ್ ಅಳಿಮಯ್ಯ, ಉಪ್ಪಿಟ್ಟು ಬಾಯಿಗೋಗೋ ಅರ್ಧ ದಾರೀಲಿ ನಿಂತ್ಬುಟ್ಟೈತೆ. ಅದಕ್ಕೂ ಐಸ್ ಹಿಡೀತಾ?"

ಅವನು ಕೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡ. ನುಂಗಿದ ಮೇಲೆ, ತನಗೇ ಹೇಳಿಕೊಳ್ಳುವ ಹಾಗೆ, "ಚಳಿ ಕಮ್ಮಿ ಆದ್ರೇನೇ ಅಜ್ಜಿ, ತಂತಿಗೆ ಜಾಸ್ತಿ ಕಟ್ಟೋದು" ಎಂದ.

"ಹಂಗಾರೆ ನಾನು ಒಲೆ ಹಚ್ಚುದ್ರೆ ಎಸರು ಗಡ್ಡೆ ಕಟ್ಬೇಕು. ಬಸ್ಲಿಂಗಿ, ಒಲೆ ಆರ್ಸೇ, ನಿನ್ ಗಂಡನ ಸ್ನಾನಕ್ಕೆ ನೀರು ಕಾಯ್ಬೇಕು."

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಹೇಳಿದ್ದು ನಿಜವಾಗಿತ್ತು. ಕಡುಚಳಿಯಲ್ಲಿ ಗಾಳಿ ಒಣಗಿರುತ್ತದೆ, ಹಿಮ ರಾಗಿಹಿಟ್ಟಿನ ಹಾಗೆ ಉದುರುತ್ತದೆ, ತಂತಿ ಒಮ್ಮೆ ಅಲುಗಿದರೆ ಕೊಡವಿಕೊಂಡು ಹೋಗುತ್ತದೆ. ನೀರು ಗಡ್ಡೆಯಾಗಲೋ ಬೇಡವೋ ಎಂದು ಅನುಮಾನಿಸುವ ಹದದಲ್ಲಿ, ತೇವದ ಗಾಳಿ ಬೀಸುವಾಗ, ಮುಖಕ್ಕೆ ಹಿತವಾಗಿರುವಾಗ, ಆಗ ಮೋಡವೇ ಬಂದು ತಂತಿಯನ್ನು ನೆಕ್ಕಿ ನೆಕ್ಕಿ ಗಡ್ಡೆ ಕಟ್ಟುತ್ತದೆ. ಇದು ಅವನಿಗೆ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಕಣಿವೆಯಿಂದ ಹೊರಟ ಬೆಳಗ್ಗೆ ಬಾಗಿಲು ತೆರೆದಾಗ ಮೃದುವಾದ ಗಾಳಿಯೊಂದು ಕೆನ್ನೆ ಸವರಿತ್ತು, ತಿಂಗಳುಗಟ್ಟಲೆ ಕುಗ್ಗಿಕೊಂಡಿದ್ದ ಮೈ ಅಲ್ಲೇ ಅರಳಿಬಿಟ್ಟಿತ್ತು. ಥೇಟ್ ಕುಣಿಗಲ್ಲಿನ ಸಂಕ್ರಾಂತಿ ಬೆಳಗು. ಅಂಗಳದ ಪೆಟ್ಟಿಗೆಯಲ್ಲಿ ನೇತುಹಾಕಿದ್ದ ಒಣ ಥರ್ಮಾಮೀಟರೂ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಂತಿದ್ದವು. ಗಾಳಿ ತುಂಬ ತೇವ ಕುಡಿದಿದೆ ಎಂದು ಅರ್ಥ. ಅವನು ಅದನ್ನು ಕಣ್ಣಿಂದ ನೋಡಿದ್ದ. ನೋಡಿ, ಆಹಾ ಚಳಿ ಬಿಟ್ಟಿತು ಎಂದುಕೊಂಡು, ಸಬ್‌ಸ್ಟೇಷನ್ನಿನಲ್ಲಿ ಹತ್ತು ದಿನ ಭಯವಿಲ್ಲ ಎಂದು ಹೇಳಿ, ಟ್ರಂಕು ಎತ್ತಿಸಿದ್ದ. ಹತ್ತು ದಿನದ್ದನ್ನು ಯಾವ ತಂದೆಗೆ ಹುಟ್ಟಿದವನೂ ಹೇಳಲಾರ. ರಜೆ ಅಷ್ಟು ದಿನದ್ದಾಗಿತ್ತು, ಅದಕ್ಕೆ ಹೇಳಿದ್ದ.

ಟ್ರಂಕನ್ನು ಬಸ್ಸಿನವರೆಗೆ ಹೊತ್ತು ತಂದವನು ಲೈನ್‌ಮನ್ನುಗಳ ಮುಖ್ಯಸ್ಥ ಧನೀರಾಮ. ಬೆಟ್ಟದ ನೆತ್ತಿಯ ಟವರುಗಳಲ್ಲಿ ತಂತಿ ಹಿಡಿಯುವ ಪಿಂಗಾಣಿ ಬಟ್ಟಲು ಬದಲಿಸುವುದು ಬಾಕಿಯಿತ್ತು. ಮೇಲೆ ಹೋದರೆ ಅಲ್ಲೇ ಇಲಾಖೆಯ ಫೋನಿದ್ದ ಗುಡಿಸಲಲ್ಲಿದ್ದು ಮುಗಿಸಿ ಬರುವ ಕೆಲಸ. ಹೋಗಬಹುದಾ ಸಾಬ್ ಎಂದು ಅವನು ಕೇಳಿದ. ಚನ್ನವೀರಯ್ಯ ಆಗಲೇ ಕಿಟಕಿಯ ಪಕ್ಕ ಕುಳಿತಿದ್ದ, ಮನಸ್ಸು ಆಗಲೇ ತುಮಕೂರು ಸ್ಟೇಷನ್ನಿನಲ್ಲಿ ಇಳಿದಿತ್ತು. ಹೋಗಿ ಎಂದ. ಒಂದೇ ಮಾತು.

"ಹೊರಡಾಣ್ವಾ ಅಳಿಯಂದ್ರೆ?" ಎಂದು ಮಾವ ಕೊಡೆ ತೆಗೆದುಕೊಂಡರು. ಬಿಸಿಲಿಗೂ ಮಳೆಗೂ ಅಲ್ಲ, ಕೊಡೆಯಿಲ್ಲದೆ ದೊಡ್ಡವರ ಮನೆಗೆ ಹೋದರೆ ಬೆಲೆಯಿಲ್ಲವೆಂದು. ಇವತ್ತು ತುಮಕೂರಿನ ಸದಾಶಿವನಗರದಲ್ಲಿ ಗುಂಡಯ್ಯನವರನ್ನು ಕಾಣಬೇಕಿತ್ತು. ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಮಠದ ದಾಸೋಹದಲ್ಲಿ ಮಾವನ ಪಕ್ಕದ ಪಂಕ್ತಿಯಲ್ಲಿ ಉಂಡು ಪರಿಚಯವಾದವರು. ಅವರು ಮನಸ್ಸು ಮಾಡಿದರೆ ಚನ್ನವೀರಯ್ಯನ ಡೆಪ್ಯುಟೇಶನ್ ಮುಗಿದು ತುಮಕೂರಿಗೇ ವರ್ಗವಾಗುತ್ತದೆ. ಬಸವಲಿಂಗಮ್ಮ ನಾಲ್ಕು ತಿಂಗಳ ಬಸುರಿ. ಆ ಚಳಿಗೆ ಅವಳನ್ನು ಕರೆದೊಯ್ಯುವುದು ಆಗದ ಮಾತು. ಬಾಗಿಲಲ್ಲಿ ನಿಂತು ಅವಳು ಅವನ ಅಂಗಿಯ ಕಾಲರು ನೆಟ್ಟಗೆ ಮಾಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಬೀದಿಯ ತುದಿಯವರೆಗೂ ಅನ್ನಿಸುತ್ತಿತ್ತು.

ಬಸ್ಸಿನಲ್ಲಿ ಜನ ಕಡಲೆಕಾಯಿ ಮೂಟೆಯ ಹಾಗೆ ತುಂಬಿದ್ದರು. ಕಿಟಕಿಯಾಚೆ ರಸ್ತೆಯ ಉದ್ದಕ್ಕೂ ಕರೆಂಟು ಕಂಬಗಳು ಒಂದಾದ ಮೇಲೊಂದು ಬಂದು ಹೋದವು. ಬಿಸಿಲಿಗೆ ಜೋತುಬಿದ್ದ ತಂತಿ, ಅದರ ಮೇಲೆ ನಾಚಿಕೆಯಿಲ್ಲದೆ ಕುಳಿತ ಕಾಗೆಗಳು. ಇಲ್ಲಿ ತಂತಿಗೆ ಕಾಗೆಯ ಭಾರ ಬಿಟ್ಟರೆ ಬೇರೆ ಭಾರ ಗೊತ್ತಿಲ್ಲ. ಅವನು ಪ್ರತಿ ತಂತಿಗೂ ಮನಸ್ಸಿನಲ್ಲಿ ಸಿಪ್ಪೆ ಹೊದಿಸುತ್ತ ಬಂದ. ಒಂದು ಬೆರಳು ದಪ್ಪ, ಎರಡು ಬೆರಳು, ಮುಂಗೈ. ಫೋನ್ ಮಾಡಿ ಹೇಳಬಹುದಲ್ಲ ಎಂಬ ಯೋಚನೆ ಬಂದಾಗ ತಂತಿಯಿಂದ ಕಣ್ಣು ತೆಗೆದ, ಯಾಕೆಂದರೆ ಹೇಳಬಹುದಿತ್ತು. ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಹಾಕಿದರೆ ಸಿಕ್ಕೀತು. ಆದರೆ ಹೇಳಿದ ಮೇಲೆ ಕಟ್ಟದೇ ಹೋದರೆ? ಈ ಚಳಿಗಾಲದಲ್ಲೇ ಮೂರು ಸಲ ಅವನು ಕಟ್ಟುತ್ತದೆ ಕಟ್ಟುತ್ತದೆ ಎಂದು ಎಬ್ಬಿಸಿದ್ದ. ಕಟ್ಟುವ ಮುಂಚೆ ತಂತಿಗೆ ವಿಪರೀತ ಕರೆಂಟು ಹರಿಸಿ ಕಾಯಿಸಬೇಕು. ಅಷ್ಟು ಹೊತ್ತೂ ಕಣಿವೆಯ ಮನೆಗಳಿಗೆ ಕರೆಂಟು ಇರುವುದಿಲ್ಲ. ಮೂರು ಸಲವೂ ಕಣಿವೆ ಕತ್ತಲಲ್ಲಿ ಕೂತಿತು. ಒಂದು ಮದುವೆಯಲ್ಲಂತೂ ಲಾಂದ್ರದ ಬೆಳಕಲ್ಲಿ ಹೆಣ್ಣು ಯಾರು, ಹೆಣ್ಣಿನ ಚಿಕ್ಕಮ್ಮ ಯಾರು ಎಂದೇ ತಿಳಿಯದೆ ಹುಡುಗ ಕೈ ಹಿಡಿದನಂತೆ. ಬೆಳಗ್ಗೆ ನೋಡಿದರೆ ತಂತಿ ತೊಳೆದಿಟ್ಟ ಲೋಟದ ಹಾಗೆ ಹೊಳೆಯುತ್ತಿತ್ತು. ಅಂದಿನಿಂದ ಚಹದಂಗಡಿಯವನು ಅವನನ್ನು ಕಂಡ ಕೂಡಲೇ ಲೋಟವನ್ನು ಮುಚ್ಚಿ ಹಿಡಿದು, ಸಾಬ್, ಇದಕ್ಕೆ ಕಟ್ಟುತ್ತದೆಯಾ ಎಂದು ಕೇಳುತ್ತಿದ್ದ. ಮೇಲಿನ ಸಾಹೇಬನು ಎಲ್ಲರೆದುರು, ಮೈಸೂರು ಕಡೆಯವರಿಗೆ ಇಬ್ಬನಿ ಕಂಡರೂ ಹಿಮಾಲಯ ಎಂದಿದ್ದ. ಆ ನಗುವಿಗೆ ಹೆದರಿಯೇ ಅಲ್ಲವೇ ನಾಲ್ಕನೆಯ ಸಲ ಥರ್ಮಾಮೀಟರಿನ ಮಾತು ಬಿಟ್ಟು ಕೆನ್ನೆಯ ಮಾತು ಕೇಳಿದ್ದು? ಕುಣಿಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸೋಡಾದಂಗಡಿಗೆ ಮರದ ಹೊಟ್ಟಿನಲ್ಲಿ ಹೂತು ಐಸ್ ಬರುತ್ತಿತ್ತು. ಆರು ವರ್ಷದವನಾಗಿದ್ದಾಗ ಅದನ್ನು ಮೊದಲ ಸಲ ಮುಟ್ಟಿ, ಸುಡ್ತದೆ ಸುಡ್ತದೆ ಎಂದು ಅತ್ತಿದ್ದ. ಇಡೀ ಬಸ್ ಸ್ಟ್ಯಾಂಡು ನಕ್ಕಿತ್ತು. ನಕ್ಕಿದ್ದು ಅರ್ಧ ಡಜನ್ ಜನ ಇರಬಹುದು, ನೆನಪಿನಲ್ಲಿ ಮಾತ್ರ ಮಂಗಳೂರಿನವರೆಗೂ ಎಲ್ಲ ಬಸ್ಸುಗಳಲ್ಲೂ ತಲೆ ಹೊರಗೆ ಹಾಕಿ ಜನ ನಗುತ್ತಿದ್ದರು.

ಗುಂಡಯ್ಯನವರ ಮನೆಯ ಜಗಲಿಯಲ್ಲಿ ಕಾಯುವುದಾಯಿತು. ಅವರು ಪೂಜೆಯಲ್ಲಿದ್ದರು. ಅವರ ಲಿಂಗಪೂಜೆ ನೋಡಿದರೆ ಕೈಲಾಸದ ಕಡತಗಳೂ ಅಲ್ಲೇ ವಿಲೇವಾರಿಯಾಗುವಂತಿತ್ತು. ಮಾವ ಕಾಲಿನ ಮೇಲೆ ಕೊಡೆ ಅಡ್ಡ ಇಟ್ಟುಕೊಂಡು, ಮೆಲ್ಲಗೆ ಅವನಿಗೆ, ನೀವು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಕೇಳಿದ್ದಕ್ಕಷ್ಟೇ ಮಾತಾಡಿ, ನಿಮ್ಮ ಸಾಹಸ ನಾನು ಹೇಳುತ್ತೇನೆ ಎಂದು ಪಾಠ ಹೇಳಿಕೊಟ್ಟರು. ಚನ್ನವೀರಯ್ಯ ತಲೆಯಾಡಿಸಿದ. ಅಂಗಳದಲ್ಲಿ ಒಗೆದು ಹರವಿದ ಸೀರೆ ಅಲುಗುತ್ತಿತ್ತು. ಈಗ ಆ ಬೆಟ್ಟದಲ್ಲಿ ಗಾಳಿ ಯಾವ ಕಡೆಯಿಂದ? ಧನೀರಾಮ ಈಗ ಎಷ್ಟನೆಯ ಟವರಿನ ಮೇಲೆ? ಆ ಹೊತ್ತಿಗೆ ಒಳಗಿನಿಂದ ಗುಂಡಯ್ಯನವರ ಹೆಂಡತಿ ಹೊಂಬಾಳಮ್ಮ ಕಾಫಿ ತಂದರು. ಬಿಸಿ ಲೋಟವನ್ನು ಕೈಯಲ್ಲಿ ಹಿಡಿದರೂ ಅವನ ಬೆರಳಿಗೆ ತಿಳಿಯಲಿಲ್ಲ. ಮಾವ ಗಾಬರಿಯಿಂದ, ಸುಡ್ತದೆ, ಕೆಳಗಿಡಿ ಎಂದಾಗಲೇ ಕೆಳಗಿಟ್ಟ.

ಗುಂಡಯ್ಯನವರು ಬಂದು ಕುರ್ಚಿ ತುಂಬ ಕುಳಿತರು. ಮಾವ ಶುರುಮಾಡಿದರು. ಅಜ್ಜಿಯ ಮಗನಲ್ಲವೇ, ತಾಯಿ ಎರಡು ಹೇಳಿದರೆ ಮಗ ಎಂಟು ಹೇಳಿದ. ನಮ್ಮ ಅಳಿಯಂದಿರು ಆಕಾಶವನ್ನೊಮ್ಮೆ ಮೂಸಿ ನೋಡಿದರೆ ಸಾಕು, ತಂತಿ ಮೇಲೆ ಇಷ್ಟು ಅಂಗುಲ ಕೂರುತ್ತದೆ ಎಂದು ವಾರ ಮುಂಚೆ ಹೇಳುತ್ತಾರೆ, ಕೂದಲೆಳೆ ಹೆಚ್ಚುಕಡಿಮೆ ಇಲ್ಲ, ಅಲ್ಲಿಯ ಜನ ಇವರನ್ನು ಕೇಳದೆ ಬಟ್ಟೆ ಒಣಹಾಕುವುದಿಲ್ಲ. ಚನ್ನವೀರಯ್ಯನಿಗೆ ಕೂತ ಕುರ್ಚಿಯ ಬೆತ್ತ ಒಂದೊಂದಾಗಿ ಚುಚ್ಚುತ್ತಿತ್ತು. ಗುಂಡಯ್ಯನವರು ಹಾಗೋ ಎಂದು ಹೊಟ್ಟೆ ಕುಲುಕಿಸಿ ನಕ್ಕು, ಶಿವರಾತ್ರಿ ಕಳೆದ ಮೇಲೆ ನಮ್ಮ ಹುಡುಗಿಯ ಮದುವೆ ಇದೆ, ಚಪ್ಪರಕ್ಕೆ ತಗಡು ಹಾಕಿಸಲೋ ಗರಿ ಸಾಕೋ ಹೇಳಿಬಿಡಿ ಎಂದು ಕೇಳಿದರು. ಮಾವ ಅವನ ಮಂಡಿ ಒತ್ತಿದರು. ಅವನು ಗರಿ ಸಾಕು ಸಾರ್ ಎಂದ. ಎಂದ ಕೂಡಲೇ, ಇದೂ ಅದೇ, ಎದುರಿಗಿದ್ದವರ ಮುಖ ಅರಳಲಿ ಎಂದು ಹೇಳಿದ್ದು ಎನ್ನಿಸಿತು.

"ಆಗ್ಲಿ ಮಹಾಲಿಂಗಯ್ನೋರೆ" ಎಂದರು ಗುಂಡಯ್ಯನವರು. "ಹುಡ್ಗ ಮೆತ್ತಗವ್ನೆ. ಮುಂದಿನ್ ತಿಂಗ್ಳು ತುಮಕೂರಿಗೇ ಹಾಕ್ಸಣ. ಅಲ್ಲೇನು, ಅವನಿಲ್ದಿದ್ರೂ ನಡೀತದೆ ತಾನೆ?"

ಮಾವ ಎದ್ದು ಕೈಮುಗಿದರು. ಇಷ್ಟೇ. ಬೇಕಾಗಿದ್ದು ಆಯಿತು. ಈಗ ನಮಸ್ಕಾರ ಮಾಡಿ ಹೊರಗೆ ಹೋಗಬೇಕು, ಸಂತೆಯಲ್ಲಿ ಬಸವಲಿಂಗಮ್ಮನಿಗೆ ಹೂವು ಕೊಳ್ಳಬೇಕು. ನಡೀತದೆ ತಾನೆ ಎಂಬ ಮಾತು ಮಾತ್ರ ಗೋಡೆಗೆ ಬಡಿದು ಬಡಿದು ತಿರುಗಿ ಬರುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ, ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಟ್ಟೆಯ ಕೆಳಗೆ, ಫೋನು ಗೂನು ಬೆನ್ನು ಹಾಕಿಕೊಂಡು ಕುಳಿತಿತ್ತು.

"ಸಾರ್, ಒಂದು ಫೋನ್ ಮಾಡ್ಬೇಕು" ಎಂದ ಚನ್ನವೀರಯ್ಯ. "ನಾನು ತಪ್ಪು ಹೇಳ್ಬಂದಿದೀನಿ. ಅಲ್ಲಿ ಐಸ್ ಕಟ್ತದೆ. ಜನ ಮೇಲವ್ರೆ."

ಮಾವ ಎದ್ದವರು ಹಾಗೆಯೇ ಕುಳಿತರು. ಗುಂಡಯ್ಯನವರು ಒಳಗೆ ತಿರುಗಿ ಬೀಗದ ಕೈ ಕೊಡೇ ಎಂದರು. ಫೋನಿಗೆ ಬೀಗ ಹಾಕಿತ್ತು. ಬೀಗದ ಕೈ ಹೊಂಬಾಳಮ್ಮನ ಸೊಂಟದ ಗೊಂಚಲಿನಲ್ಲಿತ್ತು. ಆಕೆ ಒಂದೊಂದೇ ಕೈಯನ್ನು ಆರಿಸಿ ಆರಿಸಿ, ಇದು ಬೀರುವಿನದು, ಇದು ಉಗ್ರಾಣದ್ದು ಎಂದು ಹೇಳುವಷ್ಟರಲ್ಲಿ ಅವನಿಗೆ ಹಿಮಾಲಯ ಕರಗಿ ಮತ್ತೆ ಕಟ್ಟಿದಷ್ಟು ಹೊತ್ತಾಯಿತು. ಎಕ್ಸ್‌ಚೇಂಜಿಗೆ ಹೇಳಿ ಅತಿ ಜರೂರಿನ ಟ್ರಂಕ್ ಕಾಲ್ ಎಂದು ಬರೆಸಿ ಎಲ್ಲರೂ ಫೋನಿನ ಸುತ್ತ ಹೆರಿಗೆ ಮನೆಯ ಮುಂದೆ ಕೂತವರ ಹಾಗೆ ಕೂತರು. ಮಾವ ಕೊಡೆಯ ಗುಂಡಿ ಹಾಕುವುದು ತೆಗೆಯುವುದು ಮಾಡುತ್ತಿದ್ದರು. ಬಿಸಿಲು ಹೊಸಿಲು ದಾಟಿ ಒಳಗೆ ಬಂದ ಮೇಲೆ ಫೋನಿನ ಗಂಟೆ ಬಾರಿಸಿತು.

ಆ ಕಡೆಯ ದನಿ ಬಾವಿಯ ತಳದಿಂದ ಬರುತ್ತಿತ್ತು. ಸಬ್‌ಸ್ಟೇಷನ್ನಿನ ಗುಮಾಸ್ತ. ಚನ್ನವೀರಯ್ಯ ತನ್ನ ಮುರುಕು ಹಿಂದಿಯಲ್ಲಿ ಸದಾಶಿವನಗರಕ್ಕೆಲ್ಲ ಕೇಳುವ ಹಾಗೆ ಕೂಗಿದ. ಕಿಟಕಿಯಲ್ಲಿ ಪಕ್ಕದ ಮನೆಯ ಹೆಂಗಸರ ತಲೆಗಳು ಬಂದವು. ಹವೆ ಹೇಗಿದೆ ಎಂದು ಕೂಗಿದ. ಬಹಳ ಚೆನ್ನಾಗಿದೆ ಸಾಬ್, ಚಳಿ ಬಿಟ್ಟಿದೆ, ಮೆತ್ತಗೆ ಗಾಳಿ, ಧನೀರಾಮನ ಕಡೆಯವರು ಕೋಟು ಬಿಚ್ಚಿ ಟವರು ಹತ್ತಿದ್ದಾರಂತೆ ಎಂದ ಅವನು ಸಂತೋಷದಿಂದ. ಕೆಳಗಿಳಿಸಿ ಎಂದು ಚನ್ನವೀರಯ್ಯ ಕೂಗಿದ. ಗುಡಿಸಲಿಗೆ ಫೋನ್ ಮಾಡಿ, ಈಗಲೇ, ಎಲ್ಲರನ್ನೂ ಇಳಿಸಿ, ತಂತಿ ಕಾಯಿಸಿ. ಗುಮಾಸ್ತ, ಹತ್ತು ದಿನ ಭಯವಿಲ್ಲ ಎಂದವರು ನೀವೇ ಅಲ್ಲವಾ ಎಂದ. ಹೌದು, ಸುಳ್ಳು ಹೇಳಿದೆ ಎಂದ ಚನ್ನವೀರಯ್ಯ. ತಪ್ಪು ಎನ್ನಲು ಹೋಗಿ ಸುಳ್ಳು ಎಂದು ಬಂತು, ಅವನು ಅದನ್ನು ತಿದ್ದಲಿಲ್ಲ. ನೀವು ಎಲ್ಲಿದ್ದೀರಿ, ಅಲ್ಲಿಂದ ಹೇಗೆ ಕಾಣುತ್ತದೆ ಎಂದು ಗುಮಾಸ್ತನಿಗೆ ನಗು ಬಂತು. ನಗುತ್ತಲೇ, ಹೇಳುತ್ತೇನೆ ಸಾಬ್, ಹೇಳುವುದು ನನ್ನ ಕೆಲಸ, ಬೈಯುತ್ತಾರೆ ಅಷ್ಟೇ, ಎರಡು ದಿನ ಹತ್ತಿ ಏರಿದ್ದಾರೆ ಎಂದ. ಬೈಯಲಿ ಎಂದು ಚನ್ನವೀರಯ್ಯ ಹೇಳುವಾಗ ಲೈನು ಹೋಯಿತು.

ರಿಸೀವರನ್ನು ಇಡಲು ಅವನಿಗೆ ಜಾಗ ಸಿಗಲಿಲ್ಲ. ಗುಂಡಯ್ಯನವರೇ ತೆಗೆದುಕೊಂಡು ಇಟ್ಟರು. ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು, ಆಮೇಲೆ ಮಾವನ ಕಡೆ ತಿರುಗಿದರು.

"ತುಮಕೂರಲ್ಲಿ ಕೂತ್ಕಂಡು ಅಲ್ಲೀ ಐಸ್ ಹಿಡ್ಯೋರ್ನ ಅಲ್ಲಿಂದ ಬಿಡ್ಸುದ್ರೆ ನಂಗೆ ಪಾಪ ಬತ್ತದೆ, ಮಹಾಲಿಂಗಯ್ನೋರೆ. ಇರ್ಲಿ. ಅಲ್ಲೇ ಇರ್ಲಿ."

ಅದು ಹೊಗಳಿಕೆಯೋ ಚುಚ್ಚೋ ಎಂದು ಮುಖ ನೋಡಿ ತಿಳಿಯುವಂತಿರಲಿಲ್ಲ. ತಿಳಿದರೂ ವ್ಯತ್ಯಾಸವಿರಲಿಲ್ಲ. ವರ್ಗ ಕೈತಪ್ಪಿತು. ಗೇಟಿನವರೆಗೆ ಬರುವಾಗ ಮಾವ ಕೊಡೆ ಬಿಚ್ಚಿ ತಮ್ಮೊಬ್ಬರ ಮೇಲೆಯೇ ಹಿಡಿದುಕೊಂಡರು. ಅಳಿಯ ಬಿಸಿಲಲ್ಲಿ ಒಂದು ಹೆಜ್ಜೆ ಹಿಂದೆ ನಡೆದ. ಬೆನ್ನು ಬೆವೆತಿತ್ತು. ಈಗ ಅವನಿಗೆ ಇನ್ನೊಂದು ಹೊಸ ಪೀಡೆ ಹತ್ತಿಕೊಂಡಿತು. ಕಟ್ಟಲಿ ಎಂದು ಆಸೆಯಾಗುತ್ತಿತ್ತು. ಎಲ್ಲರೂ ಇಳಿದ ಮೇಲೆ, ಯಾರಿಗೂ ಏನೂ ಆಗದೆ, ತಂತಿಗೆ ತೊಡೆ ಗಾತ್ರ ಕಟ್ಟಲಿ, ನಾಲ್ಕು ಟವರು ಉರುಳಲಿ, ನಾಳೆ ಟೆಲಿಗ್ರಾಂ ಬರಲಿ, ಗುಬ್ಬಿಯ ಬೀದಿಯಲ್ಲಿ ಓದಿಸಬೇಕು, ಗುಂಡಯ್ಯನ ಮುಂದೆ ಹಿಡಿಯಬೇಕು. ಎಷ್ಟು ಹೊತ್ತಿನಿಂದ ಹೀಗೆ ಆಸೆಪಡುತ್ತ ನಡೆಯುತ್ತಿದ್ದೇನೆ ಎಂದು ತಿಳಿದಾಗ ಅವನು ರಸ್ತೆಯ ನಡುವೆ ನಿಂತುಬಿಟ್ಟ. ಧನೀರಾಮ ಎರಡು ದಿನ ಹತ್ತಿದ ಬೆಟ್ಟ. ಇಳಿಯಲು ಒಂದು ದಿನವಾದರೂ ಬೇಡವೇ. ಮೋಡ ಕಾಯುತ್ತದೆಯೇ. ಹಿಂದಿನಿಂದ ಜಟಕಾದವನು ಬೈದ, ಸರಿದುಕೊಂಡ.

ಸಂಜೆಯ ಬಸ್ಸಿನಲ್ಲಿ ಗುಬ್ಬಿಯ ಜವಳಿ ವ್ಯಾಪಾರಿ ರಾಮಾಂಜಿನಯ್ಯ ಸಿಕ್ಕ. ಹೋದ ಕೆಲಸ ಆಯಿತಾ ಎಂದು ಅವನು ಕೇಳಿದ್ದೇ ಮಾವನ ಒಳಗೆ ಏನೋ ಕಿತ್ತುಕೊಂಡಿತು. ಇಷ್ಟು ದಿನ ಊರೆಲ್ಲ ಅಳಿಯನನ್ನು ಹೊತ್ತು ಮೆರೆಸಿದವರು ಈಗ ಅಷ್ಟೇ ಎತ್ತರದಿಂದ ಇಳಿಸತೊಡಗಿದರು. ಕೈಗೆ ಬಂದ ತುತ್ತನ್ನು ಬಿಟ್ಟು ಫೋನಿಗೆ ಜೋತುಬಿದ್ದರು ಕಣಯ್ಯ, ಸುಳ್ಳು ಹೇಳಿದೆ ಸುಳ್ಳು ಹೇಳಿದೆ ಎಂದು ಕೂಗಿದ್ದಕ್ಕೆ ಸದಾಶಿವನಗರದ ನಾಯಿಗಳೆಲ್ಲ ಎದ್ದು ನಿಂತವು, ಸಾಹೇಬರ ಹೆಂಡತಿ ಕೈಯಲ್ಲಿದ್ದ ಲೋಟ ಬಿಟ್ಟರು. ಅಲ್ಲಿ ಬಿಸಿಲು ಕಾಯುತ್ತಿದೆಯಂತೆ, ಜನ ಕೋಟು ಬಿಚ್ಚಿ ಕೂತಿದ್ದಾರಂತೆ, ಇವರು ತುಮಕೂರಿಂದ ಐಸು ಬೀಳಿಸುತ್ತಾರೆ. ರಾಮಾಂಜಿನಯ್ಯ ನಕ್ಕ. ಹಿಂದಿನ ಸೀಟಿನವರು ಏನು ಏನು ಎಂದು ಕೇಳಿ ಅವರೂ ನಕ್ಕರು. ಕಂಡಕ್ಟರು ಟಿಕೆಟ್ ಹರಿಯುವುದು ಬಿಟ್ಟು, ನಮ್ಮ ಬಸ್ಸಿಗೂ ಸ್ವಲ್ಪ ಬೀಳಿಸಲಿ ಸ್ವಾಮಿ, ಇಂಜಿನ್ನು ಕಾದಿದೆ ಎಂದ. ಬಸ್ಸಿಗೆ ಬಸ್ಸೇ ಕುಲುಕಿತು.

ಚನ್ನವೀರಯ್ಯನ ಕಿವಿ ಕೆಂಪಗೆ ಕಾದವು. ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತ. ನಗು ಅವನ ಬೆನ್ನ ಮೇಲೆ ಬೀಳುತ್ತಿತ್ತು. ಮುದುಡಿಕೊಳ್ಳಲು ಹೋದ ಮೈ, ಯಾಕೋ, ಮುದುಡಿಕೊಳ್ಳಲಿಲ್ಲ. ಏನೂ ಕಟ್ಟದೆ ತಂತಿ ಬೆಳಗ್ಗೆ ಲೋಟದ ಹಾಗೆ ಹೊಳೆದರೆ ಈ ಬಸ್ಸು ನಗುವ ಹಾಗೆಯೇ ಆ ಕಣಿವೆಯೂ ನಗುತ್ತದೆ. ನಗಲಿ. ಚಹದಂಗಡಿಯವನು ಲೋಟ ಮುಚ್ಚಿಕೊಂಡೇ ಸಾಯಲಿ. ಎಲ್ಲೋ ಒಂದು ಬಂಡೆಯ ಮಗ್ಗುಲಲ್ಲಿ, ಹೆಗಲಿಗೆ ಹಗ್ಗ ಹಾಕಿಕೊಂಡು, ಅರ್ಧಕ್ಕೆ ಬಿಟ್ಟ ಕೆಲಸಕ್ಕೆ, ಇಳಿಯಲು ಹೇಳಿದವನ ಊರಿಗೆ, ಅವನನ್ನು ಹೆತ್ತವಳಿಗೆ ಒಂದೊಂದು ಹೆಜ್ಜೆಗೂ ಒಂದೊಂದು ಬೈಗುಳ ಹಾಕುತ್ತ ಒಬ್ಬ ಇಳಿಯುತ್ತಿರಬೇಕು, ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಇನ್ನೊಬ್ಬ. ಬೈಗುಳ ಕೇಳಿಸುತ್ತದೆಯೇ ಎಂದು ಚನ್ನವೀರಯ್ಯ ಉಸಿರು ಬಿಗಿಹಿಡಿದ. ಬಸ್ಸಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

"ಬೈಯ್ರಪ್ಪ, ಬೈಯ್ರಿ" ಎಂದ ಸರಳಿನ ಆಚೆಯ ಕತ್ತಲಾಗುವ ಹೊಲಗಳಿಗೆ. "ಬೈಕಂಡಾದ್ರೂ ಇಳೀರಪ್ಪ."